ಗಂಡನಿಗೋ ಹೆಂಡತಿಗೋ ಮರೆವಿನ ಕಾಯಿಲೆ: ಅದೇ ಕಷ್ಟ ಪಟ್ಟವರ ಜೊತೆ ಎಲ್ಲಿ ಸಿಗುತ್ತೆ? ಕೋಲಾರ ಜಿಲ್ಲೆಯವರಿಗೆ ಪೂರ್ತಿ ಮಾಹಿತಿ

ಕೋಲಾರ: ಗಂಡನಿಗೆ ಡಿಮೆನ್ಷಿಯಾ ಅಂತ ಗೊತ್ತಾದ ದಿನ ಡಾಕ್ಟರು ಮಾತ್ರೆ ಚೀಟಿ ಬರೆದು ಕೊಡ್ತಾರೆ. ಮೂರು ತಿಂಗಳು ಬಿಟ್ಟು ಬನ್ನಿ ಅಂತಾರೆ. ಆದರೆ ರಾತ್ರಿ ಎರಡು ಗಂಟೆಗೆ ಅದೇ ಗಂಡ ಎದ್ದು ಕೂತು, ‘ನೀನ್ಯಾರಮ್ಮಾ? ನಮ್ಮ ಮನೆಯವಳು ಎಲ್ಲಿ ಹೋದಳು?’ ಅಂತ ಕೇಳಿದಾಗ ಏನು ಉತ್ತರ ಕೊಡಬೇಕು ಅನ್ನೋದು ಆ ಚೀಟಿಯಲ್ಲಿ ಇರಲ್ಲ. ಅದನ್ನು ಹೇಳಿಕೊಡಬಲ್ಲವರು ಅಂದ್ರೆ ಅಂಥ ರಾತ್ರಿಗಳನ್ನು ಕಳೆದ ಇನ್ನೊಬ್ಬ ಹೆಂಡತಿ, ಇನ್ನೊಬ್ಬ ಗಂಡ.

ಅಂಥವರನ್ನು ಎಲ್ಲಿ ಹುಡುಕಬೇಕು, ಹೇಗೆ ಮಾತಾಡಬೇಕು, ಊರಲ್ಲಿ ಯಾರೂ ಇಲ್ಲ ಅಂದ್ರೆ ಏನು ಮಾಡಬೇಕು ಅನ್ನೋದಕ್ಕೆ ಬೇಕಾದ ಮಾಹಿತಿ ಇಲ್ಲಿದೆ. ಸದ್ಯಕ್ಕೆ ನಿಮ್ಮ ಮನೆಗೆ ಬೇಡದಿದ್ದರೂ ಉಳಿಸಿಟ್ಟುಕೊಳ್ಳಿ, ಪಕ್ಕದ ಮನೆಗೆ ಬೇಕಾಗಬಹುದು.

ಮೊದಲು ಕಾಯಿಲೆ ಬಗ್ಗೆ ನಾಲ್ಕು ಮಾತು

‘ಅರವತ್ತಕ್ಕೆ ಅರಳು ಮರಳು’ ಅನ್ನೋ ಗಾದೆಯಿಂದ ಎಷ್ಟೋ ಮನೆಗಳಲ್ಲಿ ಎರಡು ಮೂರು ವರ್ಷ ಸುಮ್ಮನೆ ಹಾಳಾಗುತ್ತೆ. ವಯಸ್ಸಾದ ಮೇಲೆ ಹೆಸರು ತಕ್ಷಣ ನೆನಪಿಗೆ ಬಾರದಿರುವುದು ಸಹಜ. ಆದರೆ ಮೂವತ್ತು ವರ್ಷ ನಡೆಸಿದ ಅಂಗಡಿಯ ಲೆಕ್ಕ ತಪ್ಪುವುದು, ದಿನಾ ಹೋಗುವ ಹಾಲಿನ ಡೇರಿಯಿಂದ ಮನೆಗೆ ದಾರಿ ಗೊತ್ತಾಗದಿರುವುದು, ಊಟ ಮಾಡಿ ಕೈ ತೊಳೆದವರು ‘ಊಟ ಹಾಕಿಲ್ಲ’ ಅಂತ ಜಗಳ ತೆಗೆಯುವುದು ವಯಸ್ಸಿನ ಮರೆವಲ್ಲ, ಮಿದುಳಿನ ಕಾಯಿಲೆ ಇರಬಹುದು. ಡಿಮೆನ್ಷಿಯಾ ಅನ್ನೋದು ಇಂಥ ಹಲವು ಕಾಯಿಲೆಗಳಿಗೆ ಇರುವ ಒಟ್ಟು ಹೆಸರು. ಅದರಲ್ಲಿ ಅತಿ ಹೆಚ್ಚು ಕಾಣಿಸುವುದು ಅಲ್ಜೈಮರ್. ಪಾರ್ಶ್ವವಾಯು, ರಕ್ತನಾಳದ ತೊಂದರೆಯಿಂದ ಬರುವುದು ಇನ್ನೊಂದು. ಐವತ್ತರ ಆಸುಪಾಸಿನಲ್ಲೇ ನಡವಳಿಕೆ ಬದಲಾಗುವ ಬಗೆಯೂ ಇದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು ಅನ್ನೋದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಸುಲಭವಾಗಿ ಹೇಳಬೇಕಂದ್ರೆ, ಒಂದು ದೊಡ್ಡ ಊರಲ್ಲಿ 60 ದಾಟಿದವರು 200 ಮಂದಿ ಇದ್ದರೆ ಸರಾಸರಿ ಲೆಕ್ಕದಲ್ಲಿ 14–15 ಮಂದಿಗೆ ಈ ಕಾಯಿಲೆ ಇರುತ್ತೆ. ‘ನಮ್ಮೂರಲ್ಲಿ ನಮ್ಮ ಮನೆಗೊಂದೇ ಹೀಗಾಗಿರೋದು’ ಅನ್ನೋ ಮಾತು ಬಹುಮಟ್ಟಿಗೆ ಸುಳ್ಳು. ಇರುವವರು ಬಾಗಿಲು ಹಾಕಿಕೊಂಡಿದ್ದಾರೆ ಅಷ್ಟೇ.

ನಮ್ಮ ಜಿಲ್ಲೆಗೂ ಈ ವಿಷಯಕ್ಕೂ ಒಂದು ನೇರ ಸಂಬಂಧ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು ಅಧ್ಯಯನ ನಡೆಸ್ತಿದೆ. ಮಾವಿಗೆ ಹೆಸರಾದ ತಾಲ್ಲೂಕಿನ ರೈತರು, ರೈತ ಮಹಿಳೆಯರು ದೇಶದ ಡಿಮೆನ್ಷಿಯಾ ಸಂಶೋಧನೆಗೆ ರಕ್ತ ಕೊಟ್ಟು, ನೆನಪಿನ ಪರೀಕ್ಷೆಗೆ ಕೂತಿದ್ದಾರೆ.

ಮಕ್ಕಳ ಕಷ್ಟಕ್ಕೂ ಸಂಗಾತಿಯ ಕಷ್ಟಕ್ಕೂ ವ್ಯತ್ಯಾಸ ಏನು?

ಅಪ್ಪನಿಗೆ ಕಾಯಿಲೆ ಬಂದರೆ ಮಗನಿಗೂ ನೋವೇ. ಆದರೆ ಮಗ ಬೆಳಗ್ಗೆ ಕೆಲಸಕ್ಕೆ ಹೋಗ್ತಾನೆ, ನಾಲ್ಕು ಜನರ ಮುಖ ನೋಡ್ತಾನೆ. ಹೆಂಡತಿಗೆ ಆ ಬಿಡುವಿಲ್ಲ. ಹಗಲು ರಾತ್ರಿ ಒಂದೇ ಕೋಣೆ. ಅವಳಿಗೂ 60–65 ದಾಟಿರುತ್ತೆ, ಅವಳಿಗೂ ಬಿಪಿ, ಶುಗರು, ಮಂಡಿ ನೋವು ಇರುತ್ತೆ.

ಇನ್ನೊಂದು ವ್ಯತ್ಯಾಸ ಯಾರೂ ಬಾಯಿಬಿಟ್ಟು ಹೇಳದೇ ಇರೋದು. ಕಷ್ಟ ಸುಖ ಹೇಳಿಕೊಳ್ಳುತ್ತಿದ್ದ ಆ ಒಂದೇ ಜೀವ ಈಗ ಎದುರಿಗೇ ಇದ್ದೂ ಕೇಳಿಸಿಕೊಳ್ಳಲ್ಲ. ಗಂಡ ಬದುಕಿದ್ದಾನೆ, ತಾಳಿ ಇದೆ, ಕುಂಕುಮ ಇದೆ, ಆದರೆ ಆ ಮನುಷ್ಯ ಇಲ್ಲ. ಸತ್ತರೆ ಅಳೋಕೆ ಜನ ಬರ್ತಾರೆ, ಹನ್ನೊಂದು ದಿನ ಜೊತೆಗಿರ್ತಾರೆ. ಈ ನಷ್ಟಕ್ಕೆ ಅಂಥ ಯಾವ ಶಾಸ್ತ್ರವೂ ಇಲ್ಲ. ಯಾರಾದರೂ ಬಂದರೂ ‘ಹೇಗಿದ್ದಾರೆ ಯಜಮಾನರು?’ ಅಂತ ಕೇಳ್ತಾರೆಯೇ ಹೊರತು ‘ನೀನು ಹೇಗಿದ್ದೀಯಮ್ಮಾ?’ ಅಂತ ಕೇಳೋರು ಕಮ್ಮಿ.

ಮೇಲಿಂದ ಆರೋಪಗಳು ಬೇರೆ. ‘ನನ್ನ ದುಡ್ಡು ಕದ್ದೆ’, ‘ಯಾವನೋ ಮನೆಗೆ ಬಂದಿದ್ದ’ ಅಂತ ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಬೀದಿಯಲ್ಲಿ ನಿಂತು ಕೂಗಿದರೆ ಹೆಂಡತಿ ಯಾರಿಗೆ ಹೇಳ್ಕೋಬೇಕು? ಇದು ಅವರ ಗುಣ ಅಲ್ಲ, ಕಾಯಿಲೆಯ ಲಕ್ಷಣ. ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ 1906ರಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಆಗುಸ್ಟೆ ಡಿಟರ್ ಎಂಬ ಮಹಿಳೆಯ ಪ್ರಕರಣದಿಂದ. 1901ರಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿದಾಗ ಆಕೆಗೆ 51 ವರ್ಷ. ಅವಳಲ್ಲಿ ಮೊದಲು ಕಾಣಿಸಿದ್ದೇ ಗಂಡನ ಮೇಲೆ ವಿಪರೀತ ಅನುಮಾನ. ಗಂಡ ರೈಲ್ವೆಯಲ್ಲಿ ಗುಮಾಸ್ತ. ಅಂದರೆ ದಾಖಲೆಯಲ್ಲಿರುವ ಮೊದಲನೇ ಅಲ್ಜೈಮರ್ ಕುಟುಂಬದಲ್ಲೂ ಸಂಗಾತಿ ಇದೇ ಮಾತು ಕೇಳಿಸಿಕೊಂಡಿದ್ದಾನೆ. ನಿಮ್ಮ ಮನೆಯಲ್ಲಿ ನಡೀತಿರೋದು ಮರ್ಯಾದೆ ಹೋಗುವ ವಿಷಯ ಅಲ್ಲ.

ಸಮಾನ ಕಷ್ಟದವರ ಬೆಂಬಲ ಅಂದ್ರೆ ಏನು?

ಒಂದೇ ಬಗೆಯ ಕಷ್ಟದಲ್ಲಿರುವವರು ಒಂದು ಕಡೆ ಕೂತು, ಅಥವಾ ಫೋನಲ್ಲಿ, ತಮಗೆ ಆಗಿದ್ದು ಹೇಳಿಕೊಳ್ಳುವುದು, ಬೇರೆಯವರಿಗೆ ಆಗಿದ್ದು ಕೇಳಿಸಿಕೊಳ್ಳುವುದು. ಇದು ಚಿಕಿತ್ಸೆ ಅಲ್ಲ. ಕಾಯಿಲೆಯನ್ನು ಇದು ವಾಸಿ ಮಾಡಲ್ಲ, ನಿಧಾನ ಕೂಡ ಮಾಡಲ್ಲ. ನೋಡಿಕೊಳ್ಳುವವರು ಕುಸಿದು ಬೀಳದಂತೆ ತಡೆಯುತ್ತೆ. ನೋಡಿಕೊಳ್ಳುವವರು ಬಿದ್ದರೆ ಆ ಮನೆಯಲ್ಲಿ ಒಬ್ಬರಲ್ಲ, ಇಬ್ಬರು ರೋಗಿಗಳು.

ಇದರಿಂದ ನಿಜವಾಗಿ ಉಪಯೋಗ ಇದೆಯಾ ಅಂತ ಕೇಳೋರಿಗೆ ಎರಡು ಉದಾಹರಣೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 1987ರಿಂದ ಅಲ್ಜೈಮರ್ ರೋಗಿಗಳ ಗಂಡ ಅಥವಾ ಹೆಂಡತಿಯರನ್ನೇ ತೆಗೆದುಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದರು. ಒಟ್ಟು 406 ಸಂಗಾತಿಗಳು. ಒಂದು ಗುಂಪಿಗೆ ಮಾಮೂಲಿ ಸಲಹೆ. ಇನ್ನೊಂದು ಗುಂಪಿಗೆ ಕುಟುಂಬದವರನ್ನು ಕೂಡಿಸಿ ಆಪ್ತಸಲಹೆ, ಬೆಂಬಲ ಗುಂಪಿಗೆ ಸೇರಿಸುವುದು, ಬೇಕಾದಾಗ ಫೋನಲ್ಲಿ ಮಾತು. ಎರಡನೇ ಗುಂಪಿನವರು ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸದೆ ಮನೆಯಲ್ಲೇ ನೋಡಿಕೊಂಡ ಅವಧಿ ಸುಮಾರು ಒಂದೂವರೆ ವರ್ಷ ಜಾಸ್ತಿ ಅಂತ 2006ರಲ್ಲಿ ವರದಿಯಾಯಿತು.

ಅದು ಅಮೆರಿಕ, ನಮಗೆ ಆಗಲ್ಲ ಅನ್ನೋರಿಗೆ ಗೋವಾದ ಉದಾಹರಣೆ. ಅಲ್ಲಿ 81 ಕುಟುಂಬಗಳ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸ್ಥಳೀಯರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದರು. ಅವರು ಕಾಯಿಲೆ ಬಗ್ಗೆ ತಿಳಿಸಿದರು, ಕಷ್ಟ ಕೇಳಿದರು, ಒಂದೇ ಬಗೆಯ ತೊಂದರೆಯಲ್ಲಿದ್ದವರು ಪರಸ್ಪರ ಸೇರೋಕೂ ನೆರವಾದರು. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು. ದೊಡ್ಡ ಆಸ್ಪತ್ರೆ, ದುಬಾರಿ ಯಂತ್ರ ಯಾವುದೂ ಬೇಕಾಗಲಿಲ್ಲ.

ಎಲ್ಲಿ ಹುಡುಕಬೇಕು?

1. ತಾಲ್ಲೂಕು ಆಸ್ಪತ್ರೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ಮಂಗಳವಾರ ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅನ್ನೋದನ್ನು ಆಸ್ಪತ್ರೆಯ ಚೀಟಿ ಕೌಂಟರಿನಲ್ಲೇ ಕೇಳಿ. ಅಲ್ಲಿ ಡಾಕ್ಟರಿಗೆ ತೋರಿಸೋದು ಒಂದು ಕೆಲಸ. ಹೊರಗಡೆ ಬೆಂಚಿನ ಮೇಲೆ ಕಾಯುತ್ತಾ ಕೂತವರನ್ನು ಮಾತಾಡಿಸೋದು ಇನ್ನೊಂದು ಕೆಲಸ. ನಿಮ್ಮ ಪಕ್ಕದಲ್ಲಿ ಕೂತವರೂ ಸಂಗಾತಿಯನ್ನೇ ಕರ್ಕೊಂಡು ಬಂದಿರಬಹುದು.

2. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ‘ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ’ 2022ರಲ್ಲಿ ಮೊದಲು ಶುರುವಾದ ಮೂರು ಕಡೆಗಳಲ್ಲಿ ನಮ್ಮ ಎಸ್‌ಎನ್‌ಆರ್ ಆಸ್ಪತ್ರೆಯೂ ಒಂದು. ಉಳಿದೆರಡು ಬೆಂಗಳೂರಿನ ಜಯನಗರ ಮತ್ತು ಚಿಕ್ಕಬಳ್ಳಾಪುರ. ಆಮೇಲೆ ಬೇರೆ ಜಿಲ್ಲೆಗಳಿಗೂ ವಿಸ್ತರಣೆ ಆಯಿತು. ಡಿಮೆನ್ಷಿಯಾ, ಪಾರ್ಶ್ವವಾಯು, ಮೂರ್ಛೆ, ತಲೆನೋವು ಇವುಗಳಿಗೆ ಜಿಲ್ಲಾ ಮಟ್ಟದಲ್ಲೇ ಚಿಕಿತ್ಸೆ ಸಿಗಲಿ ಅನ್ನೋದು ಇದರ ಉದ್ದೇಶ. ಹೋದಾಗ ನಾಚಿಕೆ ಬಿಟ್ಟು ಕೇಳಿ: ‘ನಮ್ಮ ತರಹದ ಬೇರೆ ಕುಟುಂಬದವರು ಬರ್ತಾರಾ? ಅವರಿಗೆ ಒಪ್ಪಿಗೆ ಇದ್ದರೆ ನಮ್ಮ ನಂಬರ್ ಕೊಡಿ.’ ಬೇರೆಯವರ ನಂಬರನ್ನು ಆಸ್ಪತ್ರೆಯವರು ಕೊಡಲ್ಲ, ಕೊಡಬಾರದು ಕೂಡ. ನಿಮ್ಮ ನಂಬರನ್ನು ಅವರಿಗೆ ತಲುಪಿಸಬಹುದು.

3. ಆಶಾ ಕಾರ್ಯಕರ್ತೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ, ಯಾರು ಮನೆ ಬಿಟ್ಟು ಅಲೆಯುತ್ತಾರೆ ಅನ್ನೋದು ಅವರಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಇಲ್ಲೂ ಅದೇ ದಾರಿ: ಮೊದಲು ಒಪ್ಪಿಗೆ, ಆಮೇಲೆ ಪರಿಚಯ.

4. ಬೆಂಗಳೂರು. ಕೋಲಾರದಿಂದ ಬಸ್ಸಿನಲ್ಲಿ ಹೋಗಿ ಒಂದೇ ದಿನದಲ್ಲಿ ವಾಪಸ್ ಬರಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಿರಿಯರ ಮನೋರೋಗ ವಿಭಾಗ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಷಿಯಾ ಕೇಂದ್ರ ಕಸ್ತೂರಿನಗರದಲ್ಲಿದೆ. ನಮ್ಮ ಕಡೆಯಿಂದ ಹೋಗೋರಿಗೆ ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ದಾಟುತ್ತಿದ್ದಂತೆ ಹತ್ತಿರವೇ. 1992ರಲ್ಲಿ ಕೇರಳದಲ್ಲಿ ಶುರುವಾದ ಭಾರತೀಯ ಅಲ್ಜೈಮರ್ ಸಂಘಕ್ಕೂ ಬೆಂಗಳೂರಿನಲ್ಲಿ ಶಾಖೆ ಇದೆ. ಕುಟುಂಬದವರಿಗೆ ಸಲಹೆ, ಬೆಂಬಲ ಕೊಡೋದು ಈ ಸಂಸ್ಥೆಗಳ ಕೆಲಸದ ಭಾಗ. ಮುಂದಿನ ಸಭೆ ಯಾವಾಗ, ಕನ್ನಡದಲ್ಲಿ ಮಾತಾಡಬಹುದಾ, ಫೋನಲ್ಲೇ ಸೇರಬಹುದಾ ಅಂತ ಕೇಳಿಕೊಂಡು ಹೊರಡಿ, ಬಸ್ ಚಾರ್ಜು ದಂಡ ಆಗಬಾರದು.

5. ಫೋನು. ಟೆಲಿ ಮನಸ್ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು, ದುಡ್ಡಿಲ್ಲ. ಕನ್ನಡ ಅಲ್ಲದೆ ಬೇರೆ ಭಾರತೀಯ ಭಾಷೆಗಳಲ್ಲೂ ಸೇವೆ ಇದೆ. ಹಿರಿಯರ ಸಹಾಯವಾಣಿ 14567 ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಅಲ್ಲಿ ಮಾತಾಡೋರು ನಿಮ್ಮ ಹಾಗೆ ಸಂಗಾತಿಯನ್ನು ನೋಡಿಕೊಂಡವರೇ ಆಗಿರಬೇಕಿಲ್ಲ, ಆದರೆ ಮಧ್ಯರಾತ್ರಿ ಕೇಳಿಸಿಕೊಳ್ಳೋಕೆ ಒಂದು ಕಿವಿ ಸಿಗುತ್ತೆ.

ಊರಲ್ಲೇ ಗುಂಪು ಕಟ್ಟೋದು ಹೇಗೆ?

ಹಳ್ಳಿ, ಹೋಬಳಿ ಮಟ್ಟದಲ್ಲಿ ರೆಡಿ ಇರುವ ಗುಂಪು ಸಿಗೋದು ಕಷ್ಟ. ಆದರೆ ಗುಂಪು ಅಂದ್ರೆ ಐವತ್ತು ಜನ, ಮೈಕು, ಬ್ಯಾನರ್ ಅಲ್ಲ. ಎರಡು ಮನೆ ಸಾಕು, ಮೂರಾದರೆ ಗುಂಪೇ.

ಜನರನ್ನು ಸೇರಿಸೋಕೆ ನಮ್ಮ ಊರುಗಳಲ್ಲಿ ಇರುವ ಜಾಗಗಳನ್ನೇ ಬಳಸಿಕೊಳ್ಳಿ. ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಸಂಘ, ಭಜನೆ ಮಂಡಳಿ, ಮಸೀದಿ, ಚರ್ಚು, ನಿವೃತ್ತ ನೌಕರರ ಸಂಘ. ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ನಿವೃತ್ತಿಯಾದವರ ಮನೆಗಳು ಸಾಲುಸಾಲಾಗಿವೆ, ಅಕ್ಕಪಕ್ಕದವರಿಗೆ ಪರಸ್ಪರ ಪರಿಚಯವೂ ಇದೆ. ಮೆಡಿಕಲ್ ಶಾಪಿನವರ ಹತ್ತಿರ ಒಂದು ಚೀಟಿ ಬಿಟ್ಟು ಬರಬಹುದು: ‘ಮನೆಯಲ್ಲಿ ಮರೆವಿನ ಕಾಯಿಲೆ ಇರುವವರನ್ನು ನೋಡಿಕೊಳ್ಳುತ್ತಿದ್ದೀರಾ? ಮಾತಾಡೋಣ’ ಅಂತ ಬರೆದು ನಂಬರ್ ಹಾಕಿ. ಇಂಥವರು ಈ ಮಾತ್ರೆ ತಗೊಳ್ತಾರೆ ಅಂತ ಅಂಗಡಿಯವರು ಬಾಯಿಬಿಡಬಾರದು, ಚೀಟಿ ಕೈಗಿಟ್ಟರೆ ಸಾಕು.

ಭಾಷೆ ಕೂಡ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಅಂಗಡಿಯಲ್ಲಿ ಕನ್ನಡ ಮಾತಾಡಿ ಮನೆಯಲ್ಲಿ ತೆಲುಗು ಆಡೋರು ಬಹಳ. ಕೆಜಿಎಫ್ ಕಡೆ ತಮಿಳು, ಪಟ್ಟಣಗಳಲ್ಲಿ ಉರ್ದು. ಅಳು ಬರುವ ವಿಷಯವನ್ನು ಮನುಷ್ಯ ಮನೆ ಮಾತಲ್ಲೇ ಹೇಳೋದು. ಯಾರಿಗೆ ಯಾವುದು ಬರುತ್ತೋ ಅದರಲ್ಲೇ ಮಾತಾಡಲಿ.

ಸಮಯ ಯಾವುದು? ಬೆಳಗ್ಗೆ ಆಗಲ್ಲ, ಹಾಲು, ಮಂಡಿ, ಅಡುಗೆ. ಸಂಜೆಯೂ ಆಗಲ್ಲ, ಅಂಗಡಿ ವ್ಯಾಪಾರದ ಹೊತ್ತು. ಜೊತೆಗೆ ಡಿಮೆನ್ಷಿಯಾ ಇರುವ ಎಷ್ಟೋ ಜನರಿಗೆ ಕತ್ತಲಾಗುವ ಹೊತ್ತಿಗೇ ಗೊಂದಲ, ಸಿಟ್ಟು ಜಾಸ್ತಿ. ಮಧ್ಯಾಹ್ನ ಎರಡೂವರೆಯಿಂದ ನಾಲ್ಕು ಬಹುತೇಕರಿಗೆ ಹೊಂದುತ್ತೆ. ತಿಂಗಳಿಗೆ ಒಂದು ಸಲ ಸಾಕು. ಆದರೆ ‘ಎರಡನೇ ಭಾನುವಾರ’ ಅಂದರೆ ಅದೇ ದಿನ, ಬದಲಾಯಿಸಬೇಡಿ.

ಎಲ್ಲಕ್ಕಿಂತ ದೊಡ್ಡ ತೊಡಕು: ಸಭೆಗೆ ಬಂದರೆ ಮನೆಯಲ್ಲಿ ಅವರನ್ನು ನೋಡಿಕೊಳ್ಳೋರು ಯಾರು? ಇದಕ್ಕೆ ಉತ್ತರ ಇಲ್ಲದೆ ಹೋದರೆ ಯಾವ ಗುಂಪೂ ಉಳಿಯಲ್ಲ. ಮೂರು ದಾರಿ ಇದೆ. ಮಗ, ಸೊಸೆ, ತಮ್ಮ ಯಾರಾದರೂ ತಿಂಗಳಿಗೆ ಎರಡು ಗಂಟೆ ಕೊಡಲೇಬೇಕು ಅಂತ ಮನೆಯಲ್ಲಿ ಗಟ್ಟಿಯಾಗಿ ಹೇಳೋದು. ಅಥವಾ ಸಭೆಯನ್ನೇ ಸರದಿ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಮಾಡೋದು, ಕಾಯಿಲೆಯವರು ಒಳಗೆ ಪರಿಚಯದ ಜಾಗದಲ್ಲೇ ಇರ್ತಾರೆ. ಅದೂ ಆಗದಿದ್ದರೆ ಫೋನ್ ಕಾನ್ಫರೆನ್ಸ್. ನಾಲ್ಕು ಜನ ಅರ್ಧ ಗಂಟೆ ಮಾತಾಡಿದರೂ ಅದು ಸಭೆಯೇ.

ಗುಂಪಿಗೆ ಬೇಕಾದ ನಿಯಮಗಳು

– ಇಲ್ಲಿ ಆಡಿದ ಮಾತು ಇಲ್ಲೇ ಇರಬೇಕು. ಸಣ್ಣ ಊರಲ್ಲಿ ಒಂದು ಮಾತು ಹೊರಗೆ ಬಿದ್ದರೆ ಮುಂದಿನ ತಿಂಗಳು ಯಾರೂ ಬರಲ್ಲ.

– ಎಲ್ಲರಿಗೂ ಸರದಿ. ಒಬ್ಬರೇ ಒಂದು ಗಂಟೆ ಮಾತಾಡಿದರೆ ಮೌನವಾಗಿ ಕೂತವರ ಕಷ್ಟ ಹಾಗೇ ಉಳಿಯುತ್ತೆ. ಮಾತಾಡಲೇಬೇಕು ಅಂತ ಬಲವಂತವೂ ಬೇಡ.

– ಮಾತ್ರೆ ಹಂಚಬೇಡಿ. ‘ನಮ್ಮ ಯಜಮಾನರಿಗೆ ಇದು ಕೊಟ್ಟ ಮೇಲೆ ಚೆನ್ನಾಗಿ ನಿದ್ದೆ ಮಾಡ್ತಾರೆ’ ಅಂತ ಅರ್ಧ ಸ್ಟ್ರಿಪ್ ಕೊಟ್ಟು ಕಳಿಸೋದು ಅಪಾಯ. ನಿದ್ದೆ ಮಾತ್ರೆಯಿಂದ ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬಹುದು. ಡೋಸ್ ಡಾಕ್ಟರೇ ಹೇಳಬೇಕು.

– ಏನನ್ನೂ ಮಾರಬೇಡಿ. ಪುಡಿ, ಎಣ್ಣೆ, ತಾಯತ, ‘ನೂರಕ್ಕೆ ನೂರು ವಾಸಿ’ ಅನ್ನೋ ಪ್ಯಾಕೇಜು ಇಲ್ಲಿಗೆ ಬರಕೂಡದು. ಅಲ್ಜೈಮರ್ ಪೂರ್ತಿ ವಾಸಿ ಮಾಡುವ ಔಷಧ ಇವತ್ತಿಗೂ ಇಲ್ಲ.

– ಹೋಲಿಕೆ ಬೇಡ. ಒಬ್ಬರ ಗಂಡ ಐದು ವರ್ಷ ನಡೆದಾಡಿದರು ಅಂತ ಇನ್ನೊಬ್ಬರಿಗೂ ಹಾಗೇ ಆಗಬೇಕಿಲ್ಲ.

– ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರೆ ಕಾಯಿಲೆಯವರ ಫೋಟೊ, ವಿಡಿಯೊ ಹಾಕಬೇಡಿ. ಅವರಿಗೆ ನೆನಪು ಹೋಗಿದೆ, ಮಾನ ಹೋಗಿಲ್ಲ. ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳೂ ಬೇಡ. ನಿಜವಾಗಿ ಸಹಾಯ ಕೇಳಿದವರ ಮೆಸೇಜು ಅದರ ನಡುವೆ ಕಳೆದುಹೋಗುತ್ತೆ.

ಹೋದಾಗ ಏನು ಕೇಳಬೇಕು?

ಮೊದಲ ಸಲ ಹೋದವರಿಗೆ ಬಾಯೇ ಬರಲ್ಲ. ಅಂಥವರಿಗೆ ಕೆಲವು ಪ್ರಶ್ನೆಗಳು.

‘ದುಡ್ಡು ಕದ್ದೆ ಅಂದಾಗ ನೀವು ಏನು ಮಾಡ್ತೀರಿ?’ ವಾದ ಮಾಡಿದಷ್ಟೂ ಜಗಳ ಜಾಸ್ತಿ ಅನ್ನೋದು ಅನುಭವಸ್ಥರಿಗೆ ಗೊತ್ತು. ‘ಬನ್ನಿ, ಒಟ್ಟಿಗೆ ಹುಡುಕೋಣ’ ಅಂತ ಹೇಳಿ, ಹುಡುಕುತ್ತಾ ಗಮನ ಬೇರೆ ಕಡೆ ತಿರುಗಿಸೋದು ಒಂದು ದಾರಿ. ‘ನೀನ್ಯಾರು’ ಅಂದಾಗಲೂ ಹಾಗೆಯೇ. ‘ನಾನೇ ನಿಮ್ಮ ಹೆಂಡತಿ’ ಅಂತ ಹತ್ತು ಸಲ ಸಾಧಿಸೋದಕ್ಕಿಂತ ‘ನಾನು ಇಲ್ಲೇ ಇದ್ದೀನಿ, ಹೆದರಬೇಡಿ, ನೀರು ಕುಡಿತೀರಾ?’ ಅಂದರೆ ಆ ಗಳಿಗೆ ದಾಟುತ್ತೆ.

‘ಸ್ನಾನಕ್ಕೆ ಒಪ್ಪಿಸೋದು ಹೇಗೆ?’ ಹೊತ್ತು ಬದಲಿಸಿ ನೋಡೋದು, ದಿನಾ ಬೇಡ ಅಂತ ಒಪ್ಪಿಕೊಳ್ಳೋದು, ಮೈ ಒರೆಸಿ ಬಟ್ಟೆ ಬದಲಿಸೋದು. ಇದನ್ನೆಲ್ಲ ಮಾಡಿ ನೋಡಿದವರೇ ಹೇಳಬೇಕು.

‘ಸಹಿ, ಬ್ಯಾಂಕು, ಅಂಗಡಿ ಲೈಸೆನ್ಸು ಏನು ಮಾಡಿದಿರಿ?’ ಇದು ವ್ಯಾಪಾರಸ್ಥರ ಮನೆಯವರು ಬೇಗ ಕೇಳಬೇಕಾದ ಪ್ರಶ್ನೆ. ಅರ್ಥ ಮಾಡಿಕೊಂಡು ಒಪ್ಪಿಗೆ ಕೊಡುವ ಶಕ್ತಿ ಅವರಿಗೆ ಇರುವಾಗಲೇ ಜಂಟಿ ಖಾತೆ, ನಾಮಿನಿ, ವಿಲ್ ಮುಗಿಸಿಕೊಳ್ಳಬೇಕು. ಜಿಪಿಎ ಮಾಡಿಸಿದ್ದೀವಿ, ಸಾಕು ಅಂತ ಕೆಲವರು ಅಂದುಕೊಳ್ತಾರೆ. ಬರೆದುಕೊಟ್ಟವರ ಬುದ್ಧಿಶಕ್ತಿ ಪೂರ್ತಿ ಹೋದ ಮೇಲೆ ಸಾಮಾನ್ಯ ಜಿಪಿಎ ಕಾನೂನಿನ ಪ್ರಕಾರ ನಿಲ್ಲಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ, ಮೊದಲು ಅಲ್ಲಿ ಕೇಳಿ.

‘ನಿಮಗೆ ಸಿಟ್ಟು ಬರಲ್ವಾ?’ ಇದೇ ಅತಿ ಮುಖ್ಯ ಪ್ರಶ್ನೆ. ಬರುತ್ತೆ. ಎಲ್ಲರಿಗೂ ಬರುತ್ತೆ. ಒಂದು ದಿನ ಕೈ ಎತ್ತಿ ಆಮೇಲೆ ಬಚ್ಚಲಲ್ಲಿ ನಿಂತು ಅತ್ತವರು ಇರ್ತಾರೆ. ‘ದೇವರೇ, ಇವರನ್ನು ಬೇಗ ಕರ್ಕೋ’ ಅಂದುಕೊಂಡು ತಮ್ಮ ಮೇಲೆ ತಾವೇ ಅಸಹ್ಯ ಪಟ್ಟವರೂ ಇರ್ತಾರೆ. ಇದನ್ನು ಮಕ್ಕಳಿಗೆ ಹೇಳೋಕಾಗಲ್ಲ, ನೆಂಟರಿಗಂತೂ ಆಗಲ್ಲ. ಅದೇ ದಾರಿಯಲ್ಲಿ ನಡೆದವರ ಮುಂದೆ ಹೇಳಬಹುದು, ಅವರು ಮುಖ ಸಿಂಡರಿಸಲ್ಲ.

ಗಂಡಸರಿಗೆ ಪ್ರತ್ಯೇಕವಾಗಿ

ಹೆಂಡತಿಗೆ ಕಾಯಿಲೆ ಬಂದಾಗ ಗಂಡಸರು ಇಂಥ ಸಭೆಗೆ ಬರೋದು ಕಷ್ಟ. ‘ನಾನು ಅಳೋಕೆ ಹೋಗಬೇಕಾ?’ ಅಂತಾರೆ. ಆದರೆ ಅನ್ನಕ್ಕೆ ನೀರು ಎಷ್ಟು ಇಡಬೇಕು, ಸೀರೆ ಉಡಿಸೋದು ಹೇಗೆ, ಬದಲಿಗೆ ನೈಟಿ ಹಾಕಿದರೆ ಜನ ಏನಂತಾರೆ, ಸ್ನಾನಕ್ಕೆ ಸೊಸೆಯನ್ನು ಕರೆಯಬೇಕೋ ತಾನೇ ಮಾಡಿಸಬೇಕೋ ಅನ್ನೋ ಪ್ರಶ್ನೆಗಳು ಅರವತ್ತೈದು ವರ್ಷದ ಗಂಡಸಿನ ಮುಂದೆ ಒಂದೇ ಸಲ ಬಂದು ನಿಲ್ತಾವೆ. ಗಂಡಸರನ್ನು ಸಭೆ ಅಂತ ಕರೆಯಬೇಡಿ, ಟೀಗೆ ಅಂತ ಕರೀರಿ. ಎದುರುಬದುರು ಕೂತು ಮಾತಾಡದವರು ಅಕ್ಕಪಕ್ಕ ನಡೆಯುತ್ತಾ ಮಾತಾಡ್ತಾರೆ. ಇಬ್ಬರು ಗಂಡಸರು ಬೆಳಗ್ಗೆ ವಾಕಿಂಗ್ ಹೋಗುತ್ತಾ ಹೇಳಿಕೊಂಡರೂ ಅದು ಬೆಂಬಲವೇ.

ಅಂಗಡಿಯವರು ಮಾಡಬಹುದಾದ ಕೆಲಸ

ಮರೆವು ಶುರುವಾಗಿದ್ದು ಎಷ್ಟೋ ಸಲ ಮನೆಯವರಿಗಿಂತ ಮೊದಲು ಗೊತ್ತಾಗೋದು ಬೀದಿಯ ಅಂಗಡಿಯವರಿಗೆ. ಒಂದೇ ದಿನ ಮೂರು ಸಲ ಸಕ್ಕರೆ ಒಯ್ದವರು, ಕೊಟ್ಟ ದುಡ್ಡನ್ನೇ ಮತ್ತೆ ಕೊಡೋರು, ಚಿಲ್ಲರೆ ಎಣಿಸೋಕಾಗದೆ ಪರ್ಸನ್ನೇ ಮುಂದೆ ಹಿಡಿಯೋರು. ಎಲ್ಲರ ಮುಂದೆ ನಗಬೇಡಿ, ಜೋರು ಮಾಡಬೇಡಿ. ದುಡ್ಡು ತೆಗೆದಿಟ್ಟು ಮನೆಯವರಿಗೆ ಮೆಲ್ಲಗೆ ಹೇಳಿ.

ಮನೆಯವರು ಕೂಡ ಮುಚ್ಚಿಡಬೇಡಿ. ಬೀದಿಯ ಟೀ ಅಂಗಡಿ, ಆಟೊ ಸ್ಟ್ಯಾಂಡ್, ಬಸ್ ನಿಲ್ದಾಣದ ಕಂಟ್ರೋಲರ್, ಬೀಟ್ ಪೊಲೀಸ್ ಇವರಿಗೆ ಒಂದು ಫೋಟೊ, ಒಂದು ನಂಬರ್ ಕೊಟ್ಟಿಡಿ. ಜೇಬಿನಲ್ಲಿ ಅಥವಾ ಸೆರಗಿನ ಗಂಟಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಇರಲಿ. ಕಾಣೆಯಾದರೆ ಸಂಜೆವರೆಗೂ ಕಾಯದೆ ತಕ್ಷಣ 112ಕ್ಕೆ ಕರೆ ಮಾಡಿ. ಬಂಗಾರಪೇಟೆಯಂಥ ರೈಲು ಜಂಕ್ಷನ್ ಇರುವ ಕಡೆ ಒಂದು ಗಂಟೆ ತಡವಾದರೂ ಅವರು ಇನ್ನೊಂದು ರಾಜ್ಯದಲ್ಲಿ ಇಳಿದಿರಬಹುದು.

ಗುಂಪು ಸಾಲದ ಸಂದರ್ಭಗಳು

ಕೆಲವಕ್ಕೆ ಮಾತು ಸಾಲಲ್ಲ, ಆಸ್ಪತ್ರೆಗೇ ಹೋಗಬೇಕು.

ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲ ಜಾಸ್ತಿಯಾದರೆ ‘ಕಾಯಿಲೆ ಮುಂದುವರೀತಿದೆ’ ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಜ್ವರ, ಶುಗರ್ ಏರುಪೇರು, ಮಾತ್ರೆಯ ಅಡ್ಡ ಪರಿಣಾಮ, ಬಿದ್ದು ತಲೆಗೆ ಪೆಟ್ಟು ಇರಬಹುದು. ಇವಕ್ಕೆ ಚಿಕಿತ್ಸೆ ಇದೆ.

ಇನ್ನೂ ತಪಾಸಣೆಯೇ ಆಗಿಲ್ಲ ಅಂದ್ರೆ ಗುಂಪಿಗೂ ಮೊದಲು ಡಾಕ್ಟರ ಹತ್ತಿರ ಹೋಗಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತೆ, ಅದು ಬಹಳ ಮಟ್ಟಿಗೆ ಸರಿ ಹೋಗಬಹುದು.

ನೋಡಿಕೊಳ್ಳುವವರಿಗೇ ನಿದ್ದೆ ಹೋಗಿ, ಊಟ ಸೇರದೆ, ಸಾಯೋ ಯೋಚನೆ ಬರ್ತಿದ್ದರೆ, ಅಥವಾ ಹೊಡೆಯುವ ಮಟ್ಟಕ್ಕೆ ಕೈ ಹೋಗ್ತಿದ್ದರೆ ಅದೇ ಹೊತ್ತಿಗೆ 14416ಕ್ಕೆ ಕರೆ ಮಾಡಿ. ಮುಂದಿನ ತಿಂಗಳ ಸಭೆಯವರೆಗೂ ಕಾಯಬೇಡಿ.

ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗಿ ಬಂದರೂ, ಸಂಗಾತಿ ತೀರಿಕೊಂಡರೂ ಗುಂಪನ್ನು ಬಿಡಬೇಡಿ. ಆಗ ಮನೆ ಖಾಲಿ, ಕೈ ಖಾಲಿ. ನಿನ್ನೆಯವರೆಗೆ ಎರಡು ಗಂಟೆಗೆ ಎಚ್ಚರ ಆಗ್ತಿದ್ದ ದೇಹ ಇವತ್ತೂ ಎದ್ದು ಕೂರುತ್ತೆ. ಹೊಸದಾಗಿ ಬಂದವರಿಗೆ ದಾರಿ ಹೇಳೋಕೆ ಅಂಥವರಿಗಿಂತ ಬೇರೆ ಯಾರಿದ್ದಾರೆ?

ನಂಬರ್‌ಗಳು ಒಂದೇ ಕಡೆ

ಟೆಲಿ ಮನಸ್, ಮಾನಸಿಕ ಆರೋಗ್ಯ ಸಹಾಯವಾಣಿ (24 ಗಂಟೆ): 14416
ಹಿರಿಯ ನಾಗರಿಕರ ಸಹಾಯವಾಣಿ (ಬೆಳಗ್ಗೆ 8–ರಾತ್ರಿ 8): 14567
ಪೊಲೀಸ್, ಕಾಣೆಯಾದಾಗ: 112
ಆಂಬುಲೆನ್ಸ್: 108
ಉಚಿತ ಕಾನೂನು ನೆರವು: 15100

ಪ್ರತಿ ವರ್ಷ ಸೆಪ್ಟೆಂಬರ್ 21 ವಿಶ್ವ ಅಲ್ಜೈಮರ್ ದಿನ. ಊರಲ್ಲಿ ಗುಂಪು ಶುರು ಮಾಡೋಕೆ ಆ ದಿನವನ್ನೇ ಕಾಯಬೇಕಿಲ್ಲ. ಬೀದಿಯಲ್ಲಿ ಅಂಥ ಇನ್ನೊಂದು ಮನೆ ಇದೆ ಅಂತ ಗೊತ್ತಿದ್ದರೆ ಇವತ್ತು ಮಧ್ಯಾಹ್ನವೇ ಹೋಗಿ ಬಾಗಿಲು ತಟ್ಟಿ. ಮೊದಲು ಕೇಳಬೇಕಾದ್ದು ಕಾಯಿಲೆಯವರ ಬಗ್ಗೆ ಅಲ್ಲ. ‘ನೀವು ಹೇಗಿದ್ದೀರಿ? ಊಟ ಆಯ್ತಾ?’ ಅಂತ ಕೇಳಿ. ಉಳಿದ ಮಾತು ಅಲ್ಲಿಂದ ತಾನಾಗಿ ಬರುತ್ತೆ.